ತಪ್ಪು ನಮ್ಮದೇ ಅಂದವನು

“ಹೊಸದು ಅಂತ ಹೇಳಿ ಯಾರೋ ಬಳಸಿದ್ದನ್ನ ನನ್ನ ತಲೆಗೆ ಕಟ್ಟಿದ್ದೀರಿ, ಅಲ್ವಾ?”

ಅವಳು ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಎರಡೂ ಕೈಗಳಿಂದ ಎತ್ತಿ ತಂದು ಕೌಂಟರಿನ ಮೇಲೆ ಇಟ್ಟಾಗ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೆನ್‌ಡ್ರೈವ್ ಕೊಳ್ಳಲು ಬಂದಿದ್ದ ಕಾಲೇಜು ಹುಡುಗಿಯರು, ಪ್ರಿಂಟರ್ ರಿಪೇರಿಗೆ ತಂದಿದ್ದ ವಯಸ್ಸಾದ ವಕೀಲರು, ಶಾಲೆಯ ಲ್ಯಾಬಿಗೆ ಕಂಪ್ಯೂಟರುಗಳನ್ನು ಆರಿಸುತ್ತಿದ್ದ ಹೆಡ್‌ಮಿಸ್ಟ್ರೆಸ್ಸು.

ಅಂಗಡಿ ಅಕ್ಕ-ತಮ್ಮ ಇಬ್ಬರದು. ಅಕ್ಕ ಮುಂದೆ ಕೂತು ವ್ಯಾಪಾರ ನೋಡುತ್ತಿದ್ದಳು. ತಮ್ಮ ಹಿಂದಿನ ಬೆಂಚಿನಲ್ಲಿ ರಿಪೇರಿ ಮಾಡುತ್ತಿದ್ದ. ಅಕ್ಕ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳೂ ಅವನನ್ನು ತಮ್ಮಯ್ಯ ಎಂದೇ ಕರೆಯುತ್ತಿದ್ದರು.

ಕ್ಯಾಬಿನೆಟ್ ತಂದವಳು ಮಕ್ಕಳ ಕಥೆಗಳಿಗೆ ಕಾರ್ಟೂನ್ ಮಾಡುವ ಅನಿಮೇಟರ್. ಹಳೆಯ ಕಂಪ್ಯೂಟರ್ ಏದುಸಿರು ಬಿಡತೊಡಗಿದ ಮೇಲೆ ಹೊಸದಕ್ಕೆ ಬೇಕಾದ ಭಾಗಗಳನ್ನೆಲ್ಲ ಇಲ್ಲಿಯೇ ಕೊಂಡಿದ್ದಳು. ಜೋಡಿಸಿ ಕೊಡಲೇ ಎಂದು ತಮ್ಮಯ್ಯ ಕೇಳಿದಾಗ, ತನಗೂ ಕೈಗಳಿವೆ ಎಂದು ನಕ್ಕು ಹೋಗಿದ್ದಳು.

ಆದರೆ ಆ ಹೊಸ ಪ್ರೊಸೆಸರ್ ಪೆಟ್ಟಿಗೆಯ ಮೇಲೆ ಬರೆದ ವೇಗದ ಅರ್ಧಕ್ಕೂ ಏರುತ್ತಿರಲಿಲ್ಲ. ಸೆಟ್ಟಿಂಗುಗಳನ್ನೆಲ್ಲ ತಿರುವಿ ಹಾಕಿದ್ದಳು. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ್ದಳು. ಕಾರ್ಟೂನಿನ ಮೊಲ ಒಂದು ಹೆಜ್ಜೆ ಇಡುವಷ್ಟರಲ್ಲಿ ಇವಳ ಕಾಫಿ ಆರಿ ಹೋಗುತ್ತಿತ್ತು.

ತಮ್ಮಯ್ಯ ಎದ್ದು ಬಂದ. ಕ್ಯಾಬಿನೆಟ್ಟನ್ನು ಬೆಂಚಿಗೆ ಒಯ್ದು, ಮಾನಿಟರ್ ಸಿಕ್ಕಿಸಿ, ಪರೀಕ್ಷೆ ಓಡಿಸಿದ. ವೇಗ ಒಮ್ಮೆ ಮೇಲೇರಿತು. ಮರುಕ್ಷಣವೇ ಧೊಪ್ಪನೆ ಬಿತ್ತು.

“ವಿಪರೀತ ಬಿಸಿ ಆಗ್ತಿದೆ. ಸುಟ್ಟು ಹೋಗಬಾರದು ಅಂತ ಅದೇ ವೇಗ ಇಳಿಸ್ಕೊಳ್ತಿದೆ,” ಎಂದ. “ಅದನ್ನ ತಣ್ಣಗಿಡೋ ಕೂಲರ್ ಕೂರಿಸಿದ್ದು ಯಾರು?”

“ನಾನೇ. ಯಾಕೆ, ನನ್ನ ಮೇಲೆ ಹಾಕೋಣ ಅಂತಾನಾ?”

ವಕೀಲರು ಕನ್ನಡಕ ಸರಿಮಾಡಿಕೊಂಡರು. ಕಾಲೇಜು ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡರು.

ಅವನು ಬೆನ್ನು ತಿರುಗಿಸಿ ಕೂಲರಿನ ಸ್ಕ್ರೂಗಳನ್ನು ಬಿಚ್ಚಿದ. ಫ್ಯಾನಿನ ಕೆಳಗಿನ ಆ ಲೋಹದ ತಳವನ್ನು ಎತ್ತಿ ನೋಡಿದ. ಒಂದು ಗಳಿಗೆ ಹಾಗೇ ನಿಂತ. ತಿರುಗಿದಾಗ ಅವನ ಕೈ ಜೇಬಿನಲ್ಲಿತ್ತು.

“ತಪ್ಪು ನಮ್ಮದೇ. ಕೂಲರ್ ಸರಿ ಇಲ್ಲ. ಬೇರೆ ಹಾಕಿ ಕೊಡ್ತೀನಿ. ಕ್ಷಮಿಸಿ.”

ಅಕ್ಕ ಬೆಚ್ಚಿ ಅವನತ್ತ ನೋಡಿದಳು. ಹೆಡ್‌ಮಿಸ್ಟ್ರೆಸ್ಸು ಕೈಯಲ್ಲಿದ್ದ ಮೌಸನ್ನು ಮೆಲ್ಲಗೆ ಕೆಳಗಿಟ್ಟು, ಯೋಚಿಸಿ ಹೇಳುತ್ತೇನೆ ಎಂದು ಹೊರಟುಹೋದರು.

ಹೊಸ ಕೂಲರಿನೊಂದಿಗೆ ಪ್ರೊಸೆಸರ್ ತನ್ನ ಪೂರ್ತಿ ವೇಗ ಮುಟ್ಟಿತು. ಬಾಯಿ ಮಾಡದಿದ್ದರೆ ಇಲ್ಲಿ ನ್ಯಾಯ ಸಿಗುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅವಳು ಮೆಟ್ಟಿಲಿಳಿದಳು. ಗೆದ್ದಿದ್ದಳಲ್ಲ!

ಮನೆಯಲ್ಲಿ ಅಮ್ಮನ ಸಂಭ್ರಮವಂತೂ ಹೇಳತೀರದು. ಕೆಳಗಿನ ಮನೆಯ ಚಿಕ್ಕಮ್ಮನಿಂದ ಹಿಡಿದು ಇಸ್ತ್ರಿಯವಳವರೆಗೆ ಸಿಕ್ಕವರಿಗೆಲ್ಲ, ನನ್ನ ಮಗಳು ಅಂಗಡಿಯವನ ಬೆವರಿಳಿಸಿದಳು ಎಂದು ಹೇಳಿಕೊಂಡು ಬಂದಳು.

ಕೆಲವು ದಿನಗಳ ಮೇಲೆ ತಮ್ಮಯ್ಯನೇ ಫೋನ್ ಮಾಡಿ, ಬಿಸಿ ಹತೋಟಿಯಲ್ಲಿದೆಯೇ ಎಂದು ವಿಚಾರಿಸಿದ. ಅವಳಿಗೆ ತುಸು ಮುಜುಗರವಾಯಿತು. ಅಷ್ಟು ಬೈಸಿಕೊಂಡವನ ದನಿಯಲ್ಲಿ ಕಹಿಯೇ ಇರಲಿಲ್ಲ.

ಆಮೇಲೆ ಒಂದು ಕೇಬಲ್ಲಿಗೆಂದು ಹೋದಳು. ಮತ್ತೊಮ್ಮೆ ಕೀಬೋರ್ಡಿಗೆಂದು. ತಾನು ಮಾಡಿದ ಕಾರ್ಟೂನನ್ನು ಫೋನಿನಲ್ಲಿ ತೋರಿಸಿದಾಗ, ಆ ಮೊಲ ಯೋಚನೆ ಮಾಡುವಾಗ ಕಿವಿ ಮಡಿಸುವುದು ನಿಮ್ಮ ಹಾಗೇ ಇದೆ ಎಂದ. ಅವಳ ಕೈ ತಾನಾಗಿ ಕಿವಿಗೆ ಹೋಯಿತು. ಇಬ್ಬರೂ ನಕ್ಕರು.

*ಇವನು ಇಷ್ಟು ಗಮನಿಸ್ತಾನಾ...*

ಅಕ್ಕ ಮಾತ್ರ ಅವಳನ್ನು ಕಂಡರೆ ಲೆಕ್ಕದ ಯಂತ್ರದತ್ತ ಮುಖ ತಿರುಗಿಸುತ್ತಿದ್ದಳು. ಅವಳ ಸ್ವಭಾವವೇ ಹಾಗಿರಬೇಕು ಎಂದುಕೊಂಡಳು ಇವಳು.

ಆ ಭಾನುವಾರ ಮಧ್ಯಾಹ್ನ ಅವಳು ಒಂದು ವಿಡಿಯೊ ಎಡಿಟ್ ಮಾಡಲು ಕೂತಳು. ಕಂಪ್ಯೂಟರ್ ಜೋಡಿಸುವಾಗ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎಲ್ಲವನ್ನೂ ಚಿತ್ರಿಸಿದ್ದಳು. ಚಿತ್ರಕಲೆ ಕಲಿಸುವ ಅವಳ ಚಾನೆಲ್ಲಿಗೆ ಹೆಣ್ಣುಮಕ್ಕಳೇ ಹೆಚ್ಚು ಬರುತ್ತಿದ್ದರು. ‘ನಿಮ್ಮ ಕಂಪ್ಯೂಟರ್ ನೀವೇ ಜೋಡಿಸಿ’ ಎಂದು ಅವರಿಗೆ ಧೈರ್ಯ ತುಂಬುವ ಆಸೆ ಅವಳಿಗೆ.

ಪರದೆಯ ಮೇಲೆ ಅವಳೇ ನಗುನಗುತ್ತಾ ಕೂಲರನ್ನು ಕ್ಯಾಮೆರಾಕ್ಕೆ ಹಿಡಿದು ಹೇಳುತ್ತಿದ್ದಳು, ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ ಗೆಳತಿಯರೇ.

ಅವಳ ಕೈ ಮೌಸಿನ ಮೇಲೆಯೇ ನಿಂತಿತು.

ಕೂಲರಿನ ಲೋಹದ ತಳದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಮಿನುಗುತ್ತಿತ್ತು. ಅದರ ಮೇಲೆ ಕೆಂಪಕ್ಷರ. ಕೂರಿಸುವ ಮುನ್ನ ಕಿತ್ತು ತೆಗೆಯಿರಿ, ಎಂದು.

ಪರದೆಯ ಮೇಲಿನವಳು ಅದನ್ನು ಕೀಳಲಿಲ್ಲ. ಹಾಗೆಯೇ ಪ್ರೊಸೆಸರಿನ ಮೇಲೆ ಕೂರಿಸಿ ಸ್ಕ್ರೂ ಬಿಗಿದಳು. ಹೆಮ್ಮೆಯಿಂದ ಚಪ್ಪಾಳೆ ಬೇರೆ ತಟ್ಟಿದಳು.

ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಬಿಸಿ ಮೇಲಕ್ಕೆ ದಾಟದಂತೆ ನಡುವೆ ಪ್ಲಾಸ್ಟಿಕ್ ಇಟ್ಟವಳು ತಾನು. ಆಮೇಲೆ ಹೋಗಿ ಕಿರುಚಿದವಳೂ ತಾನು!

ಅವನು ಕೂಲರನ್ನು ಎತ್ತಿ ಒಂದು ಗಳಿಗೆ ನಿಂತದ್ದು ನೆನಪಾಯಿತು. ಜೇಬಿನಲ್ಲಿದ್ದ ಕೈ ನೆನಪಾಯಿತು.

*ಅವನಿಗೆ ಆಗಲೇ ಗೊತ್ತಿತ್ತು...*

ಕಿವಿಯ ತುದಿಯವರೆಗೆ ಮುಖ ಸುಟ್ಟಿತು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು.

ಅಂದಿನಿಂದ ಅವಳು ಆ ಬೀದಿಗೇ ಕಾಲಿಡಲಿಲ್ಲ. ಅವನ ಫೋನ್ ಬಂದರೆ ರಿಂಗ್ ಆಗಿ ನಿಲ್ಲುವವರೆಗೂ ಪರದೆಯನ್ನೇ ನೋಡುತ್ತಿದ್ದಳು. ಕೆಲಸ ಜಾಸ್ತಿಯೇ ಎಂದು ಒಮ್ಮೆ ಸಂದೇಶ ಕಳಿಸಿದ. ನಾನೇನಾದರೂ ತಪ್ಪು ಮಾತಾಡಿದೆನೇ ಎಂದು ಮತ್ತೊಮ್ಮೆ ಕೇಳಿದ. ತಪ್ಪು! ಆ ಪದ ಓದಿ ಅವಳಿಗೆ ಅಳು ಬಂತು. ಉತ್ತರ ಬರೆಯಲು ಬೆರಳೇ ಏಳಲಿಲ್ಲ. ಆಮೇಲೆ ಅವನೂ ಸುಮ್ಮನಾದ.

ಅಕ್ಕ ಎದುರಾದದ್ದು ಬ್ಯಾಂಕಿನ ಸಾಲಿನಲ್ಲಿ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಇವಳು ತಲೆತಗ್ಗಿಸಿದಾಗ ಅಕ್ಕನೇ ಮಾತು ತೆಗೆದಳು. ಇಷ್ಟು ದಿನ ಅದುಮಿಟ್ಟುಕೊಂಡಿದ್ದಳೆಂದು ಕಾಣುತ್ತದೆ. ಕೆಟ್ಟ ಮಾಲು ಮಾರುತ್ತಾರೆಂದು ಆ ಹೆಡ್‌ಮಿಸ್ಟ್ರೆಸ್ಸು ಶಾಲೆಯ ಆರ್ಡರನ್ನು ಬೇರೆ ಕಡೆ ಕೊಟ್ಟರಂತೆ. ಕೂಲರಿಗೆ ಏನಾಗಿತ್ತೆಂದು ಎಷ್ಟು ಕೇಳಿದರೂ ತಮ್ಮ ಬಾಯಿ ಬಿಡಲಿಲ್ಲವಂತೆ. ಅವನ ಕೈ ಕೆಟ್ಟಿದೆ, ಮಾಲು ನೋಡದೆ ಕೊಡುತ್ತಾನೆ ಎಂದು ತಾನೂ ಬಾಯಿಗೆ ಬಂದದ್ದು ಅಂದೆ ಎಂದಳು.

“ಊಟಕ್ಕೆ ಕೂತರೂ ಮಾತಿಲ್ಲ ಈಗ ನಮ್ಮಿಬ್ರಲ್ಲಿ,” ಎಂದಳು. “ನಿಮ್ಮ ಮೇಲೆ ನನಗೆ ಸಿಟ್ಟಿಲ್ಲಮ್ಮ. ಅವನ ಮೇಲೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಸಿಟ್ಟಿಲ್ಲ ಎಂಬ ಮಾತು ನೇರ ಎದೆಗೆ ಇಳಿಯಿತು.

ಅಲ್ಲಿಯೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಕೌಂಟರಿನವನು ಅಕ್ಕನನ್ನು ಕರೆದ. ಅಕ್ಕ ಮುಂದಕ್ಕೆ ಹೋದಳು. ತನ್ನೊಳಗೇ ಒಂದು ಹೇಡಿ ಉಸಿರು ಹಾಯಾಗಿ ಹೊರಬಿದ್ದದ್ದು ಅವಳಿಗೆ ತಿಳಿಯಿತು. ಆ ಉಸಿರಿಗೆ ಅವಳು ನಾಚಿದಷ್ಟು ಆ ಪ್ಲಾಸ್ಟಿಕ್ಕಿಗೂ ನಾಚಿರಲಿಲ್ಲ.

ಮನೆಗೆ ಬಂದು ಮೊದಲು ಅಮ್ಮನಿಗೆ ಹೇಳಿದಳು. ಅಮ್ಮ ಸೌಟು ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದಳು.

“ಅಯ್ಯೋ, ನಾನು ಬೀದಿಗೆಲ್ಲ ಹೇಳಿಬಿಟ್ಟಿದ್ದೀನಲ್ಲೇ... ಈಗ ಮತ್ತೆ ಎಲ್ಲರ ಮನೆಗೂ ಹೋಗಬೇಕಾ?”

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಹೋಗಬೇಕು ಎಂದಳು. ಇಸ್ತ್ರಿಯವಳನ್ನೂ ಬಿಡಬಾರದು ಎಂದಳು.

ಆಮೇಲೆ ವಿಡಿಯೊ ತೆರೆದಳು. ಆ ತುಣುಕನ್ನು ಕತ್ತರಿಸುವುದು ಸುಲಭವಿತ್ತು. ಕತ್ತರಿಸಲಿಲ್ಲ. ಕೊನೆಗೆ ಕ್ಯಾಮೆರಾದ ಮುಂದೆ ಕೂತು, ತಾನು ಮಾಡಿದ ತಪ್ಪನ್ನೂ, ಅಂಗಡಿಗೆ ಹೋಗಿ ಆಡಿದ ಮಾತನ್ನೂ, ಮಾಲಿನಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನೂ ಇದ್ದದ್ದು ಇದ್ದಹಾಗೆ ಹೇಳಿ ಸೇರಿಸಿದಳು. ದನಿ ನಡುಗಿತು. ಮತ್ತೊಮ್ಮೆ ಚಿತ್ರಿಸಲಿಲ್ಲ.

ಶಾಲೆಗೂ ಹೋದಳು. ಹೆಡ್‌ಮಿಸ್ಟ್ರೆಸ್ಸು ಎಲ್ಲವನ್ನೂ ಕೇಳಿಸಿಕೊಂಡು, ಕಂಪ್ಯೂಟರುಗಳು ಆಗಲೇ ಬಂದುಬಿಟ್ಟಿವೆ, ಇನ್ನೇನೂ ಮಾಡಲಾಗದು ಎಂದರು. ಅಂಗಡಿಯ ಬಗ್ಗೆ ಸಹೋದ್ಯೋಗಿಗಳಿಗೆ ತಾನು ಹೇಳಿದ್ದನ್ನು ಮಾತ್ರ ತಿದ್ದುತ್ತೇನೆ ಎಂದು ಮಾತು ಕೊಟ್ಟರು. ಕಳೆದುಹೋದದ್ದು ಪೂರ್ತಿ ವಾಪಸ್ಸು ಬರುವುದಿಲ್ಲ ಎಂಬುದು ಶಾಲೆಯ ಗೇಟು ದಾಟುವಾಗ ಅವಳಿಗೆ ಅರ್ಥವಾಯಿತು.

ಸಂಜೆ ಅಂಗಡಿಯಲ್ಲಿ ಜನ ತುಂಬಿದ್ದರು. ಅದಕ್ಕಾಗಿಯೇ ಆ ಹೊತ್ತನ್ನು ಆರಿಸಿದ್ದಳು.

“ಅವತ್ತು ಎಲ್ಲರ ಮುಂದೆ ಬೈದೆ. ಅದಕ್ಕೇ ಎಲ್ಲರ ಮುಂದೆನೇ ಹೇಳ್ತೀನಿ,” ಎಂದು ಶುರು ಮಾಡಿದಳು. “ಕೂಲರ್ ಚೆನ್ನಾಗೇ ಇತ್ತು. ಪ್ಲಾಸ್ಟಿಕ್ ಕೀಳದೆ ಕೂರಿಸಿದ್ದು ನಾನು. ನಿಮ್ಮ ತಮ್ಮ ಅದನ್ನ ನೋಡಿದ್ರು. ನೋಡಿ, ಮುಚ್ಚಿಟ್ಟು, ತಪ್ಪು ತಾವೇ ಹೊತ್ಕೊಂಡ್ರು. ಅಕ್ಕಾ, ಅವರ ಕೈ ಕೆಟ್ಟಿಲ್ಲ.”

ಅಕ್ಕ ನಿಧಾನವಾಗಿ ಎದ್ದು ಹಿಂದಿನ ಬೆಂಚಿನತ್ತ ನೋಡಿದಳು. ತಮ್ಮಯ್ಯ ತಲೆ ಎತ್ತಲಿಲ್ಲ. ಅಕ್ಕನ ಕಣ್ಣು ತುಂಬಿತು. “ದಡ್ಡ,” ಎಂದಷ್ಟೇ ಅಂದು, ಇಬ್ಬರೂ ಹೊರಗೆ ಹೋಗಿ ಮಾತಾಡಿಕೊಳ್ಳಿ, ಗಿರಾಕಿಗಳನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು.

ಅಂಗಡಿಯ ಮೆಟ್ಟಿಲ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಇಬ್ಬರೂ ನಿಂತರು. ಬೀದಿಯಲ್ಲಿ ಸೈಕಲ್ಲುಗಳು ಬೆಲ್ ಹೊಡೆಯುತ್ತಾ ಹೋಗುತ್ತಿದ್ದವು.

“ಯಾಕೆ ಹಾಗೆ ಮಾಡಿದ್ರಿ?” ಎಂದಳು ಅವಳು. “ನಾನು ಕೇಳಿದ್ನಾ, ನನ್ನ ಮಾನ ಉಳಿಸಿ ಅಂತ? ಗೊತ್ತಾದ ದಿನದಿಂದ ಕನ್ನಡಿ ನೋಡೋಕೂ ಆಗ್ತಿಲ್ಲ ನನಗೆ.”

ಅವನು ಒಂದು ಖಾಲಿ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

“ಎಲ್ಲರೂ ನಗೋಕೆ ಕಾಯ್ತಾ ಇದ್ರು,” ಎಂದ. “ಆದ್ರೆ ಬರೀ ಅದಕ್ಕಲ್ಲ. ನೀವು ಭಾಗಗಳನ್ನ ಕೊಳ್ಳೋಕೆ ಬಂದ ದಿನ ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಏನು ಮಾಡುತ್ತೆ ಅಂತ ಕೇಳ್ತಿದ್ರಿ. ಹೋದ ಮೇಲೂ ನಿಮ್ಮದೇ ಯೋಚನೆ. ತಪ್ಪು ನಿಮ್ಮದು ಅಂದಿದ್ರೆ ನೀವು ಮತ್ತೆ ಬರ್ತಿರಲಿಲ್ಲ. ಅಷ್ಟೇ ನನಗೆ ಹೊಳೆದದ್ದು. ಅಕ್ಕನಿಗೆ ಏನಾಗುತ್ತೆ ಅಂತ ಯೋಚಿಸ್ಲಿಲ್ಲ. ನಾನು ಒಳ್ಳೆಯವನು ಅಂದ್ಕೋಬೇಡಿ. ಸ್ವಾರ್ಥ ಅದು. ಆಮೇಲೆ ನಿಜ ಹೇಳೋಕೆ ನಾಚಿಕೆ ಆಯ್ತು.”

ಅವಳು ಅವನ ಮುಖ ನೋಡಿದಳು. ಅವನೂ ತನ್ನಂತೆಯೇ ಕಿವಿಯವರೆಗೆ ಕೆಂಪಾಗಿದ್ದ. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಅಲುಗಾಡಿತು. ನಾಚಿಕೆಯಲ್ಲಿ ತಾನು ಒಬ್ಬಂಟಿಯಲ್ಲ...

“ನನಗೂ ಅಷ್ಟೇ,” ಎಂದಳು. “ಆ ಕೇಬಲ್ ಇನ್ನೂ ಬಿಚ್ಚೇ ಇಲ್ಲ. ಕೀಬೋರ್ಡ್ ಮನೇಲಿ ಮೊದಲೇ ಇತ್ತು.”

ಅವನು ತಲೆ ಎತ್ತಿದ. ಮಾತಿನ ಅರ್ಥ ಅವನ ಮುಖದ ಮೇಲೆ ನಿಧಾನವಾಗಿ ಹರಡಿತು.

“ಇನ್ಮೇಲೆ ನನಗೋಸ್ಕರ ಸುಳ್ಳು ಹೇಳಬಾರದು. ನಾನು ತಪ್ಪು ಮಾಡಿದ್ರೆ ಮುಖಕ್ಕೇ ಹೇಳಬೇಕು.”

“ಹೇಳಿದ್ರೆ ಜಗಳ ಆಡ್ತೀರಿ.”

“ಆಡ್ತೀನಿ. ಆದ್ರೂ ಹೇಳಬೇಕು.”

ಆಗಲಿ ಎಂದು ಅವನು ತಲೆಯಾಡಿಸಿದ. ಒಳಗಿನಿಂದ ಗಿರಾಕಿಯೊಬ್ಬರು ಅವನನ್ನು ಕೂಗಿದರು. ಅವನು ಕದಲಲಿಲ್ಲ.

“ನಾಳೆ ಬರ್ತೀರಾ?”

“ಏನು ಕೆಟ್ಟಿದೆ ಅಂತ ಬರ್ಲಿ?”

“ಏನೂ ಕೆಡದೇ ಇದ್ರೂ ಬನ್ನಿ.”

ಅವಳು ಮೆಟ್ಟಿಲಿಳಿದು, ತಿರುಗಿ ನಿಂತು, ಅವನನ್ನು ಮೊದಲ ಸಲ ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಬನ್ನಿ ಅಂದ್ರೆ ಬರಲ್ಲ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

“ಬಾ,” ಎಂದ, ತೀರಾ ಮೆಲ್ಲಗೆ.

“ಬರ್ತೀನಿ ಕಣೋ,” ಎಂದಳು ಅವಳು.