ನೀರು ನುಗ್ಗುವ ಮನೆಯ ಹುಡುಗಿ

"ನಿಲ್ರಿ! ಆ ಸುಣ್ಣದ ಬಕೀಟು ಕೆಳಗಿಡ್ರಿ!"

ಶಹರ್ಬಾನು ಬೆಚ್ಚಿಬಿದ್ದಳು. ಬಾಗಿಲಲ್ಲಿ, ಹೆಗಲ ಮೇಲೆ ಅಳತೆಯ ಸರಪಳಿ ಹೊತ್ತ ಯುವಕ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ನಮ್ಮ ಗೋಡೆಗೆ ಸುಣ್ಣ ಬಳಿಯಾಕ ನಿಮ್ದೇನ್ರಿ ಅಪ್ಪಣೆ?"

"ಗೋಡೆ ನಿಮ್ದೇ ರಿ... ಆದ್ರೆ ಆ ಗೆರಿ ನಂಗೆ ಬೇಕು!"

ಹೋದ ಮಳೆಗಾಲದಲ್ಲಿ ಮನೆಯೊಳಗೆ ಮೊಣಕಾಲಮಟ್ಟ ನಿಂತ ನೀರು ಬಿಟ್ಟುಹೋದ ಕಂದು ಗೆರೆ ಅದು. ದಾವಣಗೆರೆಯ ತಗ್ಗಿನ ಆ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪ್ರತಿಯೊಬ್ಬರ ಮನೆಯಲ್ಲೂ ಅಂಥದೊಂದು ಗೆರೆ. ಅದನ್ನೂ ಬೇಕು ಎನ್ನುವವನೊಬ್ಬ ಇದ್ದಾನಲ್ಲ ಎಂದು ಅವಳಿಗೆ ನಗು ಬಂತು.

ಅವನು ಹರಿಹರದ ಅಲ್ಲಾಬಕ್ಷ್. ಊರಿನ ಮಳೆನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂದು ನಕ್ಷೆ ಮಾಡುವ ಕಚೇರಿಯಲ್ಲಿ ಸರ್ವೆಯರ್.

"ಮ್ಯಾಲಿನ ಹೊಂಡ ಮುಚ್ಚಿ ಸೈಟ್ ಮಾಡ್ಬೇಕಂತಾರೆ. ಮುಚ್ಚಿದ್ರೆ ಊರ ನೀರೆಲ್ಲ ನಿಮ್ಮ ಅಡಿಗಿಮನಿಗೇ! ಹೂಳು ತೆಗೆದು ಉಳಿಸ್ಕೊಂಡ್ರೆ ನೀರು ಅಲ್ಲೇ ಇಂಗ್ತೈತೆ, ಉಳಿದಿದ್ದು ಕಾಲುವ್ಯಾಗೆ ನಿಧಾನ ಹೋಗ್ತೈತೆ. ಈ ಗೆರಿನೇ ಅದಕ್ಕೆ ಸಾಕ್ಷಿ, ನಮ್ಮ ಕಚೇರಿ ದೊಡ್ಡ ಸಾಹೇಬ್ರು ಕಣ್ಣಾರೆ ನೋಡೋತನಕ ಬಳಿಬ್ಯಾಡ್ರಿ."

ಶಹರ್ಬಾನು ಬಕೀಟು ಕೆಳಗಿಟ್ಟಳು.

ಆ ಬೇಸಿಗೆಯೆಲ್ಲ ಅವನು ಬರುತ್ತಲೇ ಇದ್ದ. ಅವಳ ಅಪ್ಪ ಬುಡನ್ ಸಾಬ್ ಹತ್ತಿ ಹಿಂಜುತ್ತ ಅವನಿಗೆ ಚಹಾ ಕೊಡಿಸುತ್ತಿದ್ದ. ಅಳೆದ ಜಾಗವನ್ನೇ ಮತ್ತೆ ಅಳೆಯುವ ಈ ಸರ್ವೆಯರ್ ಏನು ಅಳೆಯುತ್ತಿದ್ದಾನೆಂದು ಓಣಿಗೆಲ್ಲ ಗೊತ್ತಿತ್ತು, ಅವರಿಬ್ಬರನ್ನು ಬಿಟ್ಟು! ಇಬ್ಬರೂ ಮನಸ್ಸಿನ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ.

ಅಷ್ಟರಲ್ಲಿ ಚಿತ್ರದುರ್ಗದಿಂದ ಹೆಣ್ಣು ನೋಡುವವರು ಬರುತ್ತೇವೆಂದು ಹೇಳಿಕಳಿಸಿದರು.

ತಾಯಿ ಸುಗ್ರಾಬಿ ಸುಣ್ಣ ಕಲಸಿದಳು. "ಈ ಗೆರಿ ನೋಡೇ ಹೋದ ಸಲದೋರು ಎದ್ದು ಹೋದ್ರು. ನೀರು ನುಗ್ಗೋ ಮನ್ಯಾಗಿಂದ ಯಾರವ್ವ ಹೆಣ್ಣು ತಗೊಂತಾರೆ? ಬಳಿ!"

"ಅವ್ವಾ, ಅವ್ರು ಬ್ಯಾಡ ಅಂದಾರೆ..."

"ಅವ್ರು ಯಾರವ್ವ ನಿನಗ?"

ಯಾರು? ಏನೂ ಹೇಳದವನನ್ನು ಏನೆಂದು ಹೇಳಲಿ? ತಾಯಿ ಕಣ್ಣೀರು ಹಾಕಿದಳು. ಮಗಳು ಕುಂಚ ಹಿಡಿದಳು. ಓಣಿಯ ಹುಡುಗಿಯೊಬ್ಬಳ ಮದುವೆ ಎಂದರೆ ಎಲ್ಲರ ಮರ್ಯಾದೆ. ಹಾಗಾಗಿ ಅಕ್ಕಪಕ್ಕದವರೂ ಒಂದೇ ದಿನದಲ್ಲಿ ತಮ್ಮ ಗೋಡೆಗಳಿಗೆ ಸುಣ್ಣ ಬಳಿದು ಮುಗಿಸಿದರು.

ಚಿತ್ರದುರ್ಗದ ಬೀಗರು ಶರಬತ್ತು ಕುಡಿಯುತ್ತ ಕೂತಿದ್ದಾಗಲೇ ದೊಡ್ಡ ಸಾಹೇಬರು ಬರಬೇಕೇ! ಅವರ ಹಿಂದೆ ಅಲ್ಲಾಬಕ್ಷ್. ಬೆಳ್ಳಗಿನ ಗೋಡೆ ನೋಡಿ ಅವನ ಮುಖವೂ ಬಿಳಿಚಿಕೊಂಡಿತು.

"ಏನಪ್ಪಾ, ಎಲ್ಲಾ ಮನೆ ಮದುವೆಮನೆ ಹಾಗಿವೆಯಲ್ಲ! ಯಜಮಾನ್ರೇ, ನೀವೇ ಹೇಳಿ, ಇಲ್ಲಿ ನೀರು ಬರುತ್ತಾ?"

ಬುಡನ್ ಸಾಬ್ ಬೀಗರ ಕಡೆ ನೋಡಿದ, ಅಲ್ಲಾಬಕ್ಷ್ ಕಡೆ ನೋಡಿದ. ಪರದೆಯ ಹಿಂದಿನಿಂದ ಶಹರ್ಬಾನು ಅಪ್ಪನ ಮುಖವನ್ನೇ ನೋಡಿದಳು. ಬರ್ತೈತೆ ಅನ್ನಪ್ಪಾ... ಒಂದು ಮಾತು...

"ಇಲ್ಲ ರಿ ಸಾಹೇಬ್ರ," ಎಂದ ಬುಡನ್ ಸಾಬ್.

ಅಲ್ಲಾಬಕ್ಷ್ ಪರದೆಯತ್ತ ನೋಡಿದ. ಅವಳು ತಲೆ ತಗ್ಗಿಸಿದಳು. ಈ ಸಂಬಂಧ ಅವಳಿಗೂ ಇಷ್ಟ ಎಂದುಕೊಂಡು ಅವನು ಹೊರಟುಹೋದ. ಮತ್ತೆ ಬರಲೇ ಇಲ್ಲ.

ಬೀಗರು ಒಪ್ಪಿದರು. ಹೊಂಡಕ್ಕೆ ಲಾರಿಗಟ್ಟಲೆ ಮಣ್ಣು ಬಿತ್ತು. ಶಹರ್ಬಾನು ಅದನ್ನು ದಿನವೂ ನೋಡುತ್ತಿದ್ದಳು. ಯಾರಿಗೆ ಹೇಳಬೇಕು, ಏನೆಂದು ಹೇಳಬೇಕು?

ಆಷಾಢದಲ್ಲಿ ಒಂದೇ ಮಳೆ ಸಾಕಾಯಿತು. ಬೆಳಗಾಗುವಷ್ಟರಲ್ಲಿ ಮನೆಯೊಳಗೆ ಸೊಂಟಮಟ್ಟ ನೀರು, ಹಿಂಜಿದ ಹತ್ತಿಯೆಲ್ಲ ಕೆಸರು. ಸುದ್ದಿ ಮುಟ್ಟಿದ ವಾರದಲ್ಲೇ ಚಿತ್ರದುರ್ಗದವರು ಸಂಬಂಧ ಬೇಡವೆಂದರು. ಮರುದಿನ ಮತ್ತೆ ಮಳೆ, ಮತ್ತೆ ನೀರು!

ಆಗ ಅವನು ಬಂದ. ಹರಿಹರದ ಮೊದಲ ಬಸ್ಸಿಳಿದು, ಪ್ಯಾಂಟು ಮಡಚಿ, ನೀರು ಸೀಳಿಕೊಂಡು ಬಂದ.

"ಈಗ್ಯಾಕ ಬಂದ್ರಿ? ಹೊಂಡ ಉಳಿಸ್ತೀರಾ?"

"ಹೊಂಡ ಹೋತು. ಇನ್ನು ನನ್ನ ಕೈಯಾಗೆ ಏನೂ ಇಲ್ಲ. ಮುಂದಿನ ವರ್ಷಾನೂ ನೀರು ಬರ್ತೈತೆ..."

ಅವಳ ಅಳು ಕಟ್ಟೆಯೊಡೆಯಿತು. "ನಾನೇ ಬಳಿದೆ ರಿ! ಅವತ್ತು ಪರದೆ ಹಿಂದೆ ನಿಂತು ಸತ್ತಂಗಾಗಿತ್ತು. ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ ಅಂತ ಹೆಂಗೆ ಹೇಳ್ಲಿ?"

"ನಾ ಆದ್ರೂ ಹೇಳ್ಬೇಕಿತ್ತು... ಒಂದು ಬ್ಯಾಸಿಗಿ ಪೂರಾ ನಿಮ್ಮನಿ ಮುಂದೆ ಸರಪಳಿ ಎಳೆದೆ. ಒಂದು ಮಾತು ಹೇಳಾಕ ಧೈರ್ಯ ಸಾಲಲಿಲ್ಲ. ನೀವಂದ್ರೆ ನಂಗೆ ಪ್ರಾಣ ರಿ!"

ಮಂಚದ ಮೇಲೆ ಮುದುಡಿ ಕೂತಿದ್ದ ಬುಡನ್ ಸಾಬ್ ತಲೆಯೆತ್ತಿದ. "ಇದು ನೀರು ನುಗ್ಗೋ ಮನಿ ಐತೆ ತಮ್ಮಾ. ಆಮ್ಯಾಲೆ ಗೊತ್ತಿರಲಿಲ್ಲ ಅನ್ಬ್ಯಾಡ."

"ಎಷ್ಟು ನುಗ್ತೈತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮಾವಾ?"

ಮಾವಾ! ಮುದುಕ ಮುಖ ಮುಚ್ಚಿಕೊಂಡು ಅತ್ತ. ಹೊರಗೆ ಮಳೆ ನಿಂತಿರಲಿಲ್ಲ.

ಶಹರ್ಬಾನು ಕಣ್ಣೊರೆಸಿಕೊಂಡು, ತೊಯ್ದ ಗಾದಿಯ ಒಂದು ತುದಿ ಎತ್ತಿ ಇನ್ನೊಂದನ್ನು ಅವನತ್ತ ಚಾಚಿದಳು.

"ಭಾಳ ಭಾರ ಐತೆ ರಿ... ಪ್ರತಿ ಮಳಿಗೂ ಎತ್ಬೇಕಾಗ್ತೈತೆ."

"ಹಿಡ್ಕೊಂಡೀನಿ," ಎಂದ ಅವನು. "ನೀವು ನಿಧಾನ ಬರ್ರಿ."