ತಡಸದ ತಿರುವಿನಲ್ಲಿ ನಿಂತ ಮದುವೆ

"ಕೈ ತೆಗೀರಿ! ನಮ್ಮ ಗಾಡಿ ಮುಟ್ಟಬ್ಯಾಡ್ರಿ!"

ಶಿಗ್ಗಾವಿಯ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು ತಟ್ಟನೆ ನಿಂತಿತು. ನುಜ್ಜುಗುಜ್ಜಾದ ಕಪ್ಪು ಅಂಬಾಸಿಡರ್ ಕಾರಿನ ಮೇಲೆ ಬಗ್ಗಿದ್ದ ನಿಯಾಜ ತಲೆ ಎತ್ತಿದ.

ಎದುರಿಗೆ ಗೌಹರ ನಿಂತಿದ್ದಳು!

ತನ್ನ ತಾಯಿ ತೀರಿಕೊಂಡ ಮೇಲೆ, ಮದುವೆ ಮುರಿದುಕೊಂಡ ಮೇಲೆ, ಅವಳು ಅವನೆದುರು ಬಂದದ್ದು ಇದೇ ಮೊದಲು. ಒಂದು ಕಾಲಕ್ಕೆ ಇವನ ದನಿ ಕೇಳಿದರೆ ಸಾಕು, ದುಪಟ್ಟಾದ ಅಂಚು ಹಿಡಿದು ಒಳಗೋಡುತ್ತಿದ್ದ ಹುಡುಗಿ... ಈಗ ಅವಳ ಕಣ್ಣಲ್ಲಿ ಬೆಂಕಿ ಇತ್ತು.

"ಗೌಹರ... ಗಾಡಿ ಹಿಂಗ ನಿಂತ್ರ ತುಕ್ಕು ಹಿಡೀತೈತಿ. ಬ್ರೇಕ್ ಒಂದ್ ಮುಟ್ಟಬ್ಯಾಡ್ರಿ, ಉಳಿದದ್ದು ಮಾಡ್ರಿ ಅಂತ ವಿಮಾ ಕಂಪನಿಯವರು ಹೇಳ್ಯಾರ. ನಿಮ್ಮ ಅಬ್ಬಾನೂ ಹೂಂ ಅಂದಾರ."

"ಅಬ್ಬಾ ಅಂದಿರಬೇಕು. ಅವರ ಮನಸು ದೊಡ್ಡದು. ನನಗ ಹಂಗ ಆಗೂದಿಲ್ಲ! ನೀವು ಹಾಕಿದ ಬ್ರೇಕ್ ಹಿಡೀಲಿಲ್ಲ, ನಮ್ಮ ಅಮ್ಮಾ ಸತ್ಲು. ಮತ್ತ ಅದ ಕೈಲೆ ಈ ಗಾಡಿ ಮುಟ್ತೀರಿ?"

ನಿಯಾಜ ಏನೋ ಹೇಳಲು ಹೋಗಿ ಸುಮ್ಮನಾದ.

'ಒಂದು ಮಾತಾದರೂ ಆಡಬಾರದೇ? ನನ್ನದು ತಪ್ಪಿಲ್ಲ ಎಂದು ಸುಳ್ಳಾದರೂ ಹೇಳಬಾರದೇ?'

ಅವನ ಆ ಮೌನವೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಗೌಹರ ಸವಣೂರಿನ ಮಜೀದನ ಒಬ್ಬಳೇ ಮಗಳು. ಮಜೀದ ಬಾಡಿಗೆ ಕಾರು ಓಡಿಸಿಯೇ ಮನೆ ನಡೆಸಿದವನು. ಕಾರು ಕೆಟ್ಟಾಗಲೆಲ್ಲ ಶಿಗ್ಗಾವಿಯ ನಿಯಾಜನೇ ಬಂದು ನೋಡಬೇಕು. ಹಾಗಾಗಿ ಕಾರು ಕೆಟ್ಟರೆ ಅಪ್ಪನಿಗೆ ಚಿಂತೆ, ಮಗಳಿಗೆ ಒಳಗೊಳಗೇ ಹಿಗ್ಗು! ಇದನ್ನು ಮೊದಲು ಕಂಡುಹಿಡಿದವಳು ಅವಳ ತಾಯಿ ರಹಿಮಾಬಿ. ನಗುತ್ತಲೇ ನಿಯಾಜನ ತಾಯಿ ದಾವಲಬಿಯ ಹತ್ತಿರ ಮದುವೆಯ ಮಾತೆತ್ತಿದಳು. ದಾವಲಬಿಗಂತೂ ಹೆಣ್ಣುಮಕ್ಕಳಿಲ್ಲ. ಅಂದಿನಿಂದಲೇ ಅವಳು ಗೌಹರಳನ್ನು "ನನ್ನ ಮಗಳು" ಎಂದು ಕರೆಯತೊಡಗಿದಳು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಚಳಿಗಾಲ. ಮದುವೆಯ ಬಟ್ಟೆ ತರಲು ಮಜೀದ, ರಹಿಮಾಬಿ ಹುಬ್ಬಳ್ಳಿಗೆ ಹೋಗಿದ್ದರು. ಮರಳಿ ಬರುವಾಗ ಮುಸ್ಸಂಜೆ. ತಡಸ ದಾಟಿದ ಮೇಲಿನ ತಿರುವಿನಲ್ಲಿ ಕಾರು ನೇರವಾಗಿ ಹೋಗಿ ಹುಣಸೆಮರಕ್ಕೆ ಬಡಿಯಿತು. ಮಜೀದನ ತೋಳು ಮುರಿಯಿತು. ಮಗಳ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ರಹಿಮಾಬಿ ಉಳಿಯಲಿಲ್ಲ.

"ಬ್ರೇಕ್ ಹಿಡೀಲಿಲ್ಲ..." ಎಂದ ಮಜೀದ.

ಕೆಲವೇ ದಿನಗಳ ಹಿಂದೆ ಹೊಸ ಬ್ರೇಕ್ ಹಾಕಿದವನು ನಿಯಾಜ!

ಗೌಹರ ನಿಶ್ಚಿತಾರ್ಥದ ಉಂಗುರ ವಾಪಸು ಕಳಿಸಿದಳು. ನಿಯಾಜ ಮರುಮಾತಿಲ್ಲದೆ ತೆಗೆದುಕೊಂಡ. ಸುದ್ದಿ ಊರೂರು ಹಬ್ಬಿ ಜನ ಅವನ ಗ್ಯಾರೇಜಿಗೆ ಗಾಡಿ ತರುವುದನ್ನೇ ಬಿಟ್ಟರು. ಆಗಲೂ ಅವನು ಬಾಯಿ ಬಿಡಲಿಲ್ಲ.

ಅದೇ ಕೊರಗಿನಲ್ಲಿ ದಾವಲಬಿ ಹಾಸಿಗೆ ಹಿಡಿದಳು. ಒಂದು ದಿನ ನೆರೆಮನೆಯ ಮರಿಯಮಬಿ ಸವಣೂರಿಗೆ ಬಂದು ಗೌಹರಳ ಕೈ ಹಿಡಿದಳು.

"ಒಂದ್ ಸಲ ಬಾರವಾ. ದಾವಲಬಿ ನಿನ್ನ ಹೆಸರ ತಗೊಂಡು ಕನವರಸಾಕತ್ಯಾಳ."

ಗೌಹರ ಬಸ್ ನಿಲ್ದಾಣದವರೆಗೆ ಹೋದಳು. ಶಿಗ್ಗಾವಿ ಬಸ್ಸು ಬಂತು. ಅವಳ ಕಣ್ಣ ಮುಂದೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ತಾಯಿ ಬಂದಳು. ಕಾಲು ಮೇಲೇಳಲಿಲ್ಲ... ಬಸ್ಸು ಹೊರಟುಹೋಯಿತು. ಮರುದಿನ ದಾವಲಬಿಯೂ ಕಣ್ಣು ಮುಚ್ಚಿದಳು.

ಇಷ್ಟೆಲ್ಲ ಆದರೂ ವಿಮೆಯ ತೀರ್ಮಾನ ಮಾತ್ರ ಬಂದಿರಲಿಲ್ಲ. ಹೊಸ ಬ್ರೇಕ್ ಕೈಕೊಟ್ಟಿತೆಂಬ ಮಾತು ಕಂಪನಿಗೆ ಒಪ್ಪಿಗೆಯಾಗಿರಲಿಲ್ಲ. ಅದನ್ನು ಪರೀಕ್ಷಿಸಲೆಂದೇ ಇವತ್ತು ಹುಬ್ಬಳ್ಳಿಯಿಂದ ಗುರುರಾಜ ಎಂಬ ಸರ್ವೇಯರ್ ಬರುವವರಿದ್ದರು. ಗೌಹರ ಅಪ್ಪನ ಜೊತೆ ಬಂದದ್ದು ಅದಕ್ಕೇ; ಅಪ್ಪ ಮಾತ್ರ ಬಾಗಿಲ ಬಳಿಯೇ ನಿಂತುಬಿಟ್ಟಿದ್ದ.

ಗುರುರಾಜ ಬಂದವರೇ ಚಕ್ರಗಳನ್ನು ಬಿಚ್ಚಿಸಿ ನೋಡಿದರು. ಒಳಗೆ ಕೂತು ಬ್ರೇಕ್ ಒತ್ತಿದರು. ಇಳಿದು ಬಂದು ಮಜೀದನ ಮುಖ ನೋಡಿದರು.

"ಬ್ರೇಕಿಗೆ ಏನೂ ಆಗಿಲ್ಲಲ್ರೀ! ಗಟ್ಟಿ ಅದ. ಒತ್ತಿದ್ರ ಗಾಡಿ ನಿಲ್ತಿತ್ತು. ಆವತ್ತು ಯಾರೂ ಒತ್ತೇ ಇಲ್ಲ ಅಂತ ಕಾಣಸ್ತದ."

ಗೌಹರ ನಿಧಾನವಾಗಿ ನಿಯಾಜನ ಕಡೆ ತಿರುಗಿದಳು.

"ನಿಮಗ... ಗೊತ್ತಿತ್ತೇನು?"

ಅವನು ಬಿಚ್ಚಿದ್ದ ಚಕ್ರವನ್ನು ಎತ್ತಿ ಗೋಡೆಗೆ ಒರಗಿಸಿದ.

"ಹೇಳ್ರಿ!"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ? ನಾ ಅಷ್ಟು ಅಂದೆ... ಊರ ಮಂದಿ ಅಷ್ಟು ಅಂದ್ರು... ಯಾಕ?"

"ನಾನ ಬ್ಯಾಡ ಅಂದಿದ್ದೆ, ಬೇಟಿ."

ಮಜೀದನ ದನಿ ಅದು! ಅವನು ಗೋಡೆ ಹಿಡಿದು ನಿಂತಿದ್ದ.

"ಸಂಜಿ ಆದ್ರ ನನ್ನ ಕಣ್ಣು ಮಬ್ಬಾಗ್ತಿತ್ತು. ಹೊತ್ತು ಮುಣುಗಿದ ಮ್ಯಾಲ ಗಾಡಿ ಹೊಡೀಬ್ಯಾಡ್ರಿ ಅಂತ ನಿಯಾಜ ಕೈ ಮುಗದು ಹೇಳಿದ್ದ. ನಾ ಕೇಳಲಿಲ್ಲ. ತಿರುವು ಬಂದದ್ದು ಕಾಣಲಿಲ್ಲ. ನಿಮ್ಮ ಅಮ್ಮಾ ಚೀರಿದ್ಲು... ಆಗೂ ನನಗ ಆ ಹುಣಸಿ ಗಿಡ ಕಾಣಲಿಲ್ಲ ಬೇಟಿ!"

ಮುದುಕ ಮುರಿದಿದ್ದ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

"ದವಾಖಾನ್ಯಾಗ ಇವನ ಕೈ ಹಿಡಕೊಂಡು ಅತ್ತೆ. ನನ್ನ ಮಗಳಿಗೆ ತಾಯಿ ಹೋದ್ಲು, ಖರೇ ಗೊತ್ತಾದ್ರ ಅಪ್ಪನೂ ಹೋಗ್ತಾನ ಅಂದೆ. ಅಷ್ಟಕ್ಕ ಈ ಹುಡುಗ ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡ."

ಆಮೇಲೆ ಸರ್ವೇಯರ್ ಕಡೆ ತಿರುಗಿದ.

"ಬರಕೋರಿ ಸಾಹೇಬ್ರ. ನಾ ಮದ್ಲ ಹೇಳಿದ್ದು ಸುಳ್ಳು. ಕಂಪನಿ ಏನರ ಮಾಡ್ಲಿ."

ಗುರುರಾಜ ಕನ್ನಡಕ ತೆಗೆದು ಒರೆಸಿಕೊಂಡರು. "ಬರಕೋತೀನಿ. ಮುಂದ ಏನಾಗ್ತದೋ ನನಗೂ ಗೊತ್ತಿಲ್ರೀ," ಎಂದರು ಮೆಲ್ಲಗೆ.

ಗೌಹರಳಿಗೆ ಅಪ್ಪನನ್ನೂ ನೋಡಲಾಗಲಿಲ್ಲ, ನಿಯಾಜನನ್ನೂ ನೋಡಲಾಗಲಿಲ್ಲ. ಹೊರಗೆ ಬಂದು ಬಿಸಿಲಲ್ಲಿ ನಿಂತುಬಿಟ್ಟಳು.

ಎಷ್ಟೋ ದಿನ ಮನೆಯಲ್ಲಿ ಮಾತಿಲ್ಲ. ರೊಟ್ಟಿ ಮಾಡುವಳು, ತಾಟು ಅಪ್ಪನ ಮುಂದಿಟ್ಟು ಎದ್ದುಹೋಗುವಳು. ಒಂದು ಸಂಜೆ ಮಜೀದ ನೀರಿನ ತಂಬಿಗೆಗಾಗಿ ನೆಲದ ಮೇಲೆ ತಡಕಾಡುತ್ತಿದ್ದ. ತಂಬಿಗೆ ಪಕ್ಕದಲ್ಲೇ ಇತ್ತು! ಅವಳು ಹೋಗಿ ಅವನ ಕೈಗಿಟ್ಟಳು. ಅವನು ಆ ಕೈಯನ್ನು ಬಿಡಲಿಲ್ಲ.

"ನನ್ನ ಮಾಫ್ ಮಾಡಬ್ಯಾಡ ಬೇಟಿ. ಆದ್ರ ಆ ಹುಡುಗನ ಕಡೆ ಹೋಗು. ಅವನ ಮನ್ಯಾಗ ಈಗ ಯಾರೂ ಇಲ್ಲ."

ಅಪ್ಪನ ಎದೆಗೆ ಹಣೆ ಒತ್ತಿ ಅವಳು ಮನಸಾರೆ ಅತ್ತಳು.

ಶುಕ್ರವಾರದ ನಮಾಜು ಮುಗಿದ ಹೊತ್ತಿಗೆ ಅವಳು ಶಿಗ್ಗಾವಿಯಲ್ಲಿದ್ದಳು. ಗ್ಯಾರೇಜಿನ ಅಂಗಳದಲ್ಲಿ ಕಾರು ಹೊಸ ಗಾಜು, ಹೊಸ ಬಣ್ಣದಲ್ಲಿ ನಿಂತಿತ್ತು. ವಿಮೆ ಬರುತ್ತದೋ ಇಲ್ಲವೋ, ನಿಯಾಜ ಕಾಯದೆ ಕೆಲಸ ಮುಗಿಸಿದ್ದ. ಗ್ಯಾರೇಜಿನ ಹಿಂದಿದ್ದ ಅವನ ಮನೆಯ ಬಾಗಿಲು ತೆರೆದಿತ್ತು. ಒಬ್ಬನೇ ಒಲೆಯ ಮುಂದೆ ಕೂತಿದ್ದವನು ಅವಳನ್ನು ಕಂಡು ಗಡಬಡಿಸಿ ಎದ್ದು ಬಂದ.

"ನಾ ನಿಮಗ ಹೆಂಗ ಮುಖಾ ತೋರಸ್ಲಿ..."

"ಅದೆಲ್ಲಾ ಬಿಡು ಗೌಹರ."

"ಬಿಡೂದಿಲ್ಲ! ಉಂಗುರ ಕಳಿಸಿದಾಗರ ಒಂದ್ ಮಾತು ಹೇಳಬಾರದಿತ್ತೇನು?"

"ಅವಾಗ ನಿನಗ ಯಾರರ ಮ್ಯಾಲ ಸಿಟ್ಟು ಹೊರಗ ಹಾಕಬೇಕಾಗಿತ್ತು. ಅಬ್ಬಾನ ಮ್ಯಾಲ ಬ್ಯಾಡ, ನನ್ನ ಮ್ಯಾಲ ಬರ್ಲಿ ಅಂದೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀ ಅಂದ್ರ ನನಗ ಜೀವ, ಗೌಹರ. ನಿನ್ನ ದ್ವೇಷನೂ ತಡಕೊಂಡೇನಿ."

ಕೇಳಬೇಕೆಂದೇ ಬಂದ ಮಾತನ್ನು ಅವಳು ಕೊನೆಗೂ ಕೇಳಿದಳು.

"ನಿಮ್ಮ ಅಮ್ಮಾ... ಕಡೀಗೂ ನನ್ನ ಕೇಳಿದ್ರೇನು?"

ಅವನು ತೆರೆದ ಬಾಗಿಲ ಕಡೆ ನೋಡಿದ.

"ಕೇಳಿದ್ಲು."

"ನೀವು ಏನಂದ್ರಿ?"

"ಬಸ್ ಹತ್ಯಾಳ, ಬರಾಕತ್ತಾಳ ಅಂದೆ. ಬಾಗಲಾ ನೋಡ್ಕೊಂತ ಮಲಗಿದ್ಲು... ಹಂಗ ಹೋದ್ಲು."

ಗೌಹರ ಹೊಸ್ತಿಲ ಮೇಲೆ ಕುಸಿದು ಕೂತಳು. ಖಾಲಿ ಮನೆಯ ಕಡೆ ಕೈ ಚಾಚಿ, "ಬಂದೇನಿ ಅಮ್ಮಾ... ಬಂದೇನಿ!" ಎಂದು ಬಿಕ್ಕಿದಳು. ತಾಯಿ ಸತ್ತಾಗಲೂ ಗಟ್ಟಿಯಾಗಿ ನಿಂತಿದ್ದ ನಿಯಾಜ ಅವಳ ಪಕ್ಕದಲ್ಲಿ ಕೂತು, ಮುಖ ಮುಚ್ಚಿಕೊಂಡು ಅತ್ತ.

ಅಳು ಇಳಿದ ಮೇಲೆ ಅವಳು ತಲೆ ಎತ್ತದೆಯೇ ಕೇಳಿದಳು.

"ಇನ್ನೂ... ನಾ ಬೇಕೇನ್ರಿ ನಿಮಗ?"

ಅವನು ಕೈ ಚಾಚಿದ.

"ಎದ್ದು ಒಳಗ ಬಾ. ಅಮ್ಮಾ ಒಬ್ಬಾಕಿನ ಅಲ್ಲ, ನಾನೂ ದಾರಿ ಕಾಯಾಕತ್ತಿದ್ದೆ."