ತಲೆಯಾಡಿಸಿದ ಮಿಸ್

ರಲಿತ್ಸಾ ಮಿಸ್ ತಲೆಯನ್ನು ಅತ್ತಿಂದಿತ್ತ ಆಡಿಸಿದಳು. ತುಟಿಯಂಚಿನಲ್ಲಿ ನಗು ಬೇರೆ. ಬೇಡವೆನ್ನುವುದನ್ನೂ ಇಷ್ಟು ಚೆಂದವಾಗಿ ಹೇಳಬಹುದೇ ಎಂದುಕೊಂಡು ನಾನು ಮೆಟ್ಟಿಲಿಳಿದೆ.

ನಾನು ಕೇಳಿದ್ದು ದೊಡ್ಡದೇನಲ್ಲ. ಶನಿವಾರ ಡ್ಯಾನ್ಯೂಬ್ ದಂಡೆಯ ಹೋಟೆಲಿನಲ್ಲಿ ಒಂದು ಕಾಫಿ. ಧೈರ್ಯ ಸಾಲದೆ, ನಮ್ಮ ಪಾಠದ ಟೇಪಿನಲ್ಲಿ ಮಾತಾಡುವ ಇಂಗ್ಲಿಷ್ ಸಾಹೇಬರ ದನಿಯನ್ನೇ ಎರವಲು ಪಡೆದು, ಮೂಗಿನಲ್ಲಿ, ಇಂಗ್ಲಿಷಿನಲ್ಲೇ ಕೇಳಿದ್ದೆ.

ಶನಿವಾರ ಇಡೀ ದಿನ ಬೇಕರಿಯಲ್ಲಿ ಹಿಟ್ಟನ್ನು ಗುದ್ದಿದೆ. ಅಂದಿನ ಚೀಸ್ ತುಂಬಿದ ಬನಿತ್ಸಾ ಬಹಳ ಮೃದುವಾಗಿತ್ತೆಂದು ನಮ್ಮೂರು ರೂಸೆಯ ಗಿರಾಕಿಗಳು ಹೊಗಳಿದರು.

ಮಂಗಳವಾರದ ಕ್ಲಾಸಿನಲ್ಲಿ ಅವಳು ನನ್ನತ್ತ ನೋಡಲೇ ಇಲ್ಲ. ಬೇಕೆಂದೇ ಮೂರು ತಪ್ಪು ಮಾಡಿದೆ, ಒಂದನ್ನೂ ತಿದ್ದಲಿಲ್ಲ. ಕ್ಲಾಸು ಮುಗಿದು ಅವಳು ಹೊರಗೆ ಹೋಗುತ್ತಲೇ ಪಕ್ಕದ ಸ್ತಾಂಕಾ ಅತ್ತೆ ನನ್ನ ತೋಳು ಚಿವುಟಿದಳು. ಐರ್ಲೆಂಡಿನ ಮೊಮ್ಮಗಳ ಜೊತೆ ಹರಟಲು ಇಂಗ್ಲಿಷ್ ಕಲಿಯುತ್ತಿರುವ ಮುದುಕಿ.

"ಏನೋ ಕಾಮೆನ್, ಶನಿವಾರ ಆ ಹುಡುಗಿನ ನದಿ ಹತ್ರ ಒಂಟಿ ಕೂರಿಸಿ ಎಲ್ಲಿ ಸತ್ತಿದ್ದೆ?"

"ಅವರು ಬಂದಿದ್ರಾ?"

"ಕಾಫಿ ಆರಿ ನೀರಾಗೋ ತನಕ ಕೂತಿದ್ಲು. ಸೋಫಿಯಾದಲ್ಲಿ ಕೆಲಸ ಕೊಡ್ತೀನಿ ಅಂದಿದಾರಂತೆ. ಇವತ್ತು ಸಂಜೆ ಫೋನ್ ಮಾಡಿ ಒಪ್ಕೋತಾಳಂತೆ. ನಿನ್ನಂಥೋರಿರೋ ಊರಲ್ಲಿ ಯಾಕಿರ್ಬೇಕು ಅವಳು?"

ಓಡಿದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದಳು.

"ಮಿಸ್, ನೀವು ಬರಲ್ಲ ಅಂದ್ರಲ್ಲ?"

"ನಾನಾ? ಯಾವಾಗ?"

"ಬಾಗಿಲಲ್ಲಿ. ತಲೆ ಹೀಗೆ ಆಡಿಸಿದ್ರಿ." ಅವಳ ಹಾಗೆಯೇ, ಆ ನಗುವಿನ ಸಮೇತ ಆಡಿಸಿ ತೋರಿಸಿದೆ.

"ಹೂಂ ಅಂದಿದ್ದು ಕಣ್ರೀ ಅದು. ನೀವು ಬಲ್ಗೇರಿಯಾದವರೇ ತಾನೇ? ನಿಮ್ಮಮ್ಮ ಹೂಂ ಅನ್ನೋಕೆ ತಲೆ ಹೇಗೆ ಆಡಿಸ್ತಾರೆ?"

"ಅಡ್ಡಡ್ಡ. ಇಲ್ಲ ಅನ್ನೋಕೆ ಮೇಲೆ ಕೆಳಗೆ. ಆದ್ರೆ ಇಂಗ್ಲಿಷ್ ಮಾತಾಡುವಾಗ ತಲೆನೂ ಇಂಗ್ಲಿಷಲ್ಲೇ ಆಡಬೇಕು, ಅಡ್ಡ ಆಡಿದ್ರೆ ಬೇಡ ಅಂತ ಅರ್ಥ, ಅಂತ ವರ್ಷವಿಡೀ ಬೈದು ಕಲಿಸಿದ್ದು ಯಾರು?"

ಅವಳ ಕಿವಿಯ ತುದಿ ಕೆಂಪಾಯಿತು.

"ನೀವು ಕೇಳಿದ ಗಾಬರಿಗೆ ಪಾಠವೆಲ್ಲ ಮರೆತೋಯ್ತು," ಎಂದಳು ಮೆಲ್ಲಗೆ. "ಅಮ್ಮ ಕಲಿಸಿದ ತಲೆಯೇ ಆಡಿಬಿಡ್ತು."

ಬೆಂಚಿನ ಮೇಲೆ ಕುಸಿದು ಕುಳಿತೆ. ಅವಳೂ ಪಕ್ಕದಲ್ಲಿ ಕುಳಿತು, ತಡೆದಷ್ಟೂ ಉಕ್ಕುವ ನಗುವಿಗೆ ಸೆರಗಿನಂತೆ ಶಾಲನ್ನು ಒತ್ತಿಕೊಂಡಳು. ಬಸ್ಸು ಬಂದು, ನಮ್ಮನ್ನು ನೋಡಿ, ಹೋಯಿತು.

ಆಗ ನೆನಪಾಯಿತು. "ಸೋಫಿಯಾಗೆ ಫೋನ್ ಮಾಡಿಬಿಟ್ರಾ?"

ಅವಳ ತಲೆ ಮೇಲಕ್ಕೂ ಕೆಳಕ್ಕೂ ಆಡಿತು.

ಇದು ಅಮ್ಮನ ತಲೆಯೋ, ಮಿಸ್ಸಿನ ತಲೆಯೋ? ಎರಡೂ ಕೈಯಲ್ಲಿ ಅವಳ ಕೆನ್ನೆ ಹಿಡಿದು ತಲೆಯನ್ನು ನಿಲ್ಲಿಸಿದೆ. ಬೇಕರಿಯಿಂದ ಬೆರಳಲ್ಲೇ ಉಳಿದಿದ್ದ ಹಿಟ್ಟು ಅವಳ ಗಲ್ಲಕ್ಕೆ ಅಂಟಿತು.

"ದಮ್ಮಯ್ಯ, ಆಡಿಸಬೇಡಿ. ಬಾಯಿಬಿಟ್ಟು ಹೇಳಿ."

"ಮಾಡಿಲ್ಲ," ಎಂದಳು, ನನ್ನ ಅಂಗೈಗಳ ನಡುವಿನಿಂದ. "ಇನ್ನು ಮಾಡೋದೂ ಇಲ್ಲ. ಈಗ ಕೈ ತೆಗೀತೀರಾ?"

"ಇಲ್ಲ," ಎಂದೆ. ತಲೆಯಾಡಿಸುವ ಗೋಜಿಗೆ ಹೋಗಲಿಲ್ಲ.